ದಿಂಬಿನ ಕೆಳಗೆ

ನಮ್ಮಪ್ಪ ಟೂರ್ ಮ್ಯಾನೇಜರ್ ಆಗಿದ್ದವನು. ಬಸ್ಸಿನ ಮುಂದೆ ಮೈಕ್ ಹಿಡಿದು ನಿಂತು, ಯಾವ ದೇಶದಲ್ಲಿ ಯಾರಿಗೆ ಎಷ್ಟು ಟಿಪ್ಸ್ ಕೊಡಬೇಕು ಎಂದು ಪ್ರವಾಸಿಗಳಿಗೆ ಪಾಠ ಹೇಳುವುದರಲ್ಲೇ ಅವನ ಮುಕ್ಕಾಲು ಆಯಸ್ಸು ಕಳೆಯಿತು. ಒಂದು ದೇಶದಲ್ಲಿ ಮೇಜಿನ ಮೇಲೆ ದುಡ್ಡು ಬಿಟ್ಟು ಎದ್ದರೆ ಮಾಣಿಗೆ ಅವಮಾನವಂತೆ, ಓಡಿ ಬಂದು ವಾಪಸ್ ಕೊಡುತ್ತಾನಂತೆ. ಇನ್ನೊಂದರಲ್ಲಿ ಬಿಡದಿದ್ದರೆ ಬೀದಿಯವರೆಗೂ ಬಂದು ಮುಖಕ್ಕೆ ಹೊಡೆದ ಹಾಗೆ ಕೇಳುತ್ತಾನಂತೆ. ಹೋಟೆಲಿನ ರೂಮು ಗುಡಿಸುವವಳಿಗೆ ಮಾತ್ರ ದಿಂಬಿನ ಕೆಳಗೇ ಇಡಬೇಕು, ಬೇರೆಲ್ಲಿಟ್ಟರೂ ಅವಳು ಮುಟ್ಟುವುದಿಲ್ಲ. ಚಿಕ್ಕಂದಿನಲ್ಲಿ ನನಗೆ ಫೋನಿನಲ್ಲಿ ಸಿಕ್ಕ ಅಪ್ಪ ಇಷ್ಟೇ.

ಮಂಡಿ ಕೈಕೊಟ್ಟ ಮೇಲೆ ಕಂಪನಿಯವರು ಮನೆಗೆ ಕಳಿಸಿದರು. ಅಮ್ಮ ತೀರಿಹೋಗಿ ಎಷ್ಟೋ ಕಾಲವಾಗಿತ್ತು; ಊರಿನ ಮನೆಯಲ್ಲಿ ಅವನೊಬ್ಬನೇ. ಹೋದ ತಿಂಗಳು ನನ್ನ ಮನೆಗೆ ಬಂದ.

ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ಹಗಲೆಲ್ಲ ಮೆಷಿನ್ನಿನ ಮುಂದೆ ಕೂತು, ಸಂಜೆ ಮಾತಿಲ್ಲದ ಮನೆಗೆ ಬರುತ್ತೇನೆ. ಅಪ್ಪ ಇನ್ನು ಇಲ್ಲೇ ಇದ್ದುಬಿಡಲಿ ಎಂಬ ಆಸೆ ನನಗೆ. ಒಳಕೋಣೆಯ ಹಳೇ ಸಾಮಾನೆಲ್ಲ ಎತ್ತಿಸಿ ಹೊಸ ಮಂಚ ಹಾಕಿಸಿದೆ. ಬಾಯಿಬಿಟ್ಟು ಕೇಳಲಿಲ್ಲ, ಅಷ್ಟೇ. ಮಂಚ ನೋಡಿದರೆ ಗೊತ್ತಾಗಬಾರದೇ ಈ ಮನುಷ್ಯನಿಗೆ?

ಅಪ್ಪನೋ, "ಬಿಸಿನೀರು ಎಷ್ಟು ಗಂಟೆವರೆಗೆ ಬರುತ್ತಮ್ಮ?" ಎಂದು ಕೇಳುತ್ತಿದ್ದ. ಕಾಫಿ ಕೊಟ್ಟರೆ ಥ್ಯಾಂಕ್ಸ್. ಟೀವಿ ಹಾಕಲು ನನ್ನ ಅಪ್ಪಣೆ.

"ಅಯ್ಯೋ, ನಿಂದೇ ಮನೆ ಕಣಪ್ಪ!" ಎಂದರೆ ಅದಕ್ಕೂ ಥ್ಯಾಂಕ್ಸ್. ಮೈಯೆಲ್ಲ ಉರಿದುಹೋಗುತ್ತಿತ್ತು.

ವಾರ ಕಳೆಯುವ ಮೊದಲೇ ಸೂಟ್‌ಕೇಸು ತುಂಬಿಕೊಂಡ.

"ಏನಪ್ಪ ಅಷ್ಟು ಅವಸರ? ಇನ್ನೊಂದು ನಾಕು ದಿನ ಇದ್ರೆ ನಿನ್ನ ಗಂಟೇನು ಹೋಗುತ್ತೆ?"

"ಸಾಕಮ್ಮ, ನಿಂಗೆ ಸುಮ್ನೆ ತೊಂದ್ರೆ," ಎಂದು ಬಸ್ ಸ್ಟ್ಯಾಂಡಿಗೆ ಟ್ಯಾಕ್ಸಿ ಹತ್ತಿದ.

ಅಡಿಗೆಮನೆ ಕೆಲಸವೆಲ್ಲ ಮುಗಿಸಿ ಅವನ ಕೋಣೆಗೆ ಹೋದೆ. ಹೊದಿಕೆ, ಹಾಸಿಗೆಯ ಚಾದರ, ಒದ್ದೆ ಟವೆಲು, ಎಲ್ಲವನ್ನೂ ಬಾಗಿಲ ಹತ್ತಿರ ಗುಡ್ಡೆ ಹಾಕಿದ್ದ. ದಿಂಬು ಎತ್ತಿದೆ. ಕೆಳಗೆ ಗರಿಗರಿ ನೋಟು.

ಕೂಡಲೇ ಫೋನ್ ಮಾಡಿದೆ. "ಏನಪ್ಪ ಇದು? ನಾನೇನು ನಿನ್ನ ರೂಮು ಗುಡಿಸೋಳಾ?"

ಆ ಕಡೆ ಬಸ್ಸಿನ ಗದ್ದಲ. ಅಪ್ಪ ಮೆಲ್ಲಗೆ ಕೇಳಿದ:

"ಕಡಿಮೆ ಆಯ್ತೇನಮ್ಮ?"

ತಮಾಷೆಯಲ್ಲ. ನಿಜವಾಗಿಯೂ ಹೆದರಿದ್ದ. ಊರೂರು ಸುತ್ತಿ ಎಲ್ಲರ ರೀತಿನೀತಿ ಬಲ್ಲವನಿಗೆ ಮಗಳ ಮನೆಯದು ಮಾತ್ರ ಗೊತ್ತಿರಲಿಲ್ಲ. ನನ್ನ ಸಿಟ್ಟೆಲ್ಲ ಜರ್ರನೆ ಇಳಿದು ಅಳು ಬಂತು.

"ವಾಪಸ್ ಬಾಪ್ಪ. ಇಲ್ಲೇ ಇದ್ದುಬಿಡು. ನಂಗಾದ್ರೂ ಯಾರಿದಾರೆ?"

"ಬಸ್ಸು ಹೊರಟಾಯ್ತಲ್ಲಮ್ಮ," ಎಂದ. "ಮುಂದಿನ ಸಲ ಮೊದಲೇ ಫೋನ್ ಮಾಡ್ತೀನಿ. ರೂಮು ಖಾಲಿ ಇದ್ರೆ ಹೇಳು, ಬರ್ತೀನಿ."

ಬರೀ ಮಂಚದ ಮೇಲೆ ಕೂತುಬಿಟ್ಟೆ.

"ಖಾಲೀನೇ ಇರುತ್ತಪ್ಪ," ಎಂದೆ.