ಎಂಜಿನ್ನಿನ ಮುಖಕ್ಕೆ ಅಕ್ಷತೆ

ತುಂಗಾ ಅವರ ಸೊಸೆ ಹರಿಪ್ರಿಯಾ ಎಂಜಿನ್ ಕಟ್ಟುವವಳು. ಚೆನ್ನೈನ ಪಶ್ಚಿಮ ಮಾಂಬಲದ ನೆಂಟರ ಮನೆಗಳಲ್ಲಿ ಈ ಮಾತು ಬಂದಾಗ ತುಂಗಾ ಕೇಳಿದವರ ಮುಖ ನೋಡುವರು. ಆಮೇಲೆ, "ಬಸ್ಸಿಂದಲ್ಲ ಕಣ್ರೀ, ಸ್ಪೋರ್ಟ್ಸ್ ಕಾರಿಂದು" ಎನ್ನುವರು. ಎರಡು ಲೀಟರು, ನಾಲ್ಕು ಸಿಲಿಂಡರು, ಹದಿನಾರು ವಾಲ್ವು, ನಿಮಿಷಕ್ಕೆ ಎಂಟು ಸಾವಿರ ಸುತ್ತು, ಇನ್ನೂರಿಪ್ಪತ್ತು ಅಶ್ವಶಕ್ತಿ. ಭೌತಶಾಸ್ತ್ರದಲ್ಲಿ ಪದವಿ ಮಾಡಿಕೊಂಡು ಅದನ್ನು ಎಲ್ಲಿಯೂ ಬಳಸದೆ ಅರವತ್ತು ದಾಟಿದ ಆಕೆಗೆ ಆ ಅಂಕಿಗಳನ್ನು ಹೇಳುವುದೇ ಒಂದು ಸುಖ.

ಎಂಜಿನ್ ತಯಾರಾಗುತ್ತಿದ್ದುದು ಗಿಂಡಿಯ ಕೈಗಾರಿಕಾ ಎಸ್ಟೇಟಿನ ಒಂದು ಶೆಡ್ಡಿನಲ್ಲಿ. ಹರಿಪ್ರಿಯಾ ಕೆಲಸಕ್ಕಿದ್ದ ಆ ಶೆಡ್ಡಿನ ಯಜಮಾನರು ಮೈಸೂರು ಕಡೆಯ ಪದ್ಮನಾಭ. ಮಾಡಿಸುತ್ತಿದ್ದವನು ನಿಶಾಂತ್ ಎಂಬ ರೇಸ್ ಹುಚ್ಚಿನ ಹುಡುಗ. ಅವನದು ಒಂದೇ ಷರತ್ತು: ಕಾರಿಗೆ ಕೂರಿಸುವ ಮೊದಲು ಎಂಜಿನ್ ಟೆಸ್ಟ್ ಬೆಂಚಿನ ಮೇಲೆ ನೂರು ಗಂಟೆ ಕೆಡದೆ ಓಡಬೇಕು. "ಜೋರಾಗಿ ಯಾವ ಎಂಜಿನ್ನೂ ಓಡುತ್ತೆ ಮೇಡಂ, ನನಗೆ ನಂಬೋ ಅಂಥದ್ದು ಬೇಕು" ಎಂದಿದ್ದನಂತೆ.

ಆ ವರ್ಷ, ಎರಡು ಸಾವಿರದ ಮೂರರಲ್ಲಿ, ಆಯುಧಪೂಜೆಗೆ ಪದ್ಮನಾಭ ಕೆಲಸದವರ ಮನೆಮಂದಿಯನ್ನೆಲ್ಲ ಕರೆದರು. ಶೆಡ್ಡಿನ ಲೇತು, ಡ್ರಿಲ್ಲು ಎಲ್ಲಕ್ಕೂ ವಿಭೂತಿ, ಗಂಧ. ಹೊಸ ಎಂಜಿನ್ನಿನ ಪೂಜೆ ಮಾತ್ರ ತುಂಗಾ ಅವರ ಕೈಯಿಂದ ಆಗಲಿ ಎಂದರು. ಪದ್ಮನಾಭ ಹೊರಗೆ ಬೂದುಗುಂಬಳಕಾಯಿ ಒಡೆಸುತ್ತಿದ್ದರು, ಹರಿಪ್ರಿಯಾ ಪುರಿ-ಕಡಲೆ ಹಂಚುತ್ತಿದ್ದಳು. ತುಂಗಾ ಒಬ್ಬರೇ ಎಂಜಿನ್ನಿನ ಮುಂದೆ ನಿಂತರು. ಮೇಲ್ಮುಖವಾಗಿ ನಾಲ್ಕು ಕಹಳೆಗಳಂಥ ಕೊಳವೆಗಳು. ಎಂಜಿನ್ ಉಸಿರೆಳೆಯುವುದು ಅಲ್ಲಿಂದ. ಅವುಗಳ ಮೇಲೆ ಒಂದು ರಬ್ಬರ್ ಮುಚ್ಚಳ. ದೇವರಿಗಾಗಲಿ ಮದುಮಗಳಿಗಾಗಲಿ ಮುಖ ಮುಚ್ಚಿ ಪೂಜೆ ಮಾಡುವುದುಂಟೆ? ತುಂಗಾ ಮುಚ್ಚಳ ತೆಗೆದರು. ಕುಂಕುಮ ಇಟ್ಟರು, ಹೂವಿಟ್ಟರು, ಅರಿಶಿನ ತುಪ್ಪ ಕಲಸಿದ ಅಕ್ಷತೆಯನ್ನು ಧಾರಾಳವಾಗಿ ಹಾಕಿದರು. ಮಂಗಳಾರತಿ ಮುಗಿದ ಮೇಲೆ ಹೂವು ತೆಗೆದು, ಮುಚ್ಚಳವನ್ನು ಇದ್ದಂತೆಯೇ ಒತ್ತಿಟ್ಟರು.

ಮರುದಿನ ವಿಜಯದಶಮಿ, ಒಳ್ಳೆಯ ದಿನ. ಎಂಜಿನ್ ಚಾಲೂ ಮಾಡಿದರು. ಸಂಜೆ ಹರಿಪ್ರಿಯಾ ಮನೆಗೆ ಬಂದಾಗ ಅವಳ ಮುಖ ಬಾಡಿತ್ತು.

"ಏಳು ಸಾವಿರ ಸುತ್ತಿಗೆ ಹೋಯ್ತು ಅತ್ತೆ. ವಾಲ್ವ್ ಬಗ್ಗಿದೆ."

"ಹಾಗಂದ್ರೆ?" ಎಂದ ಮಗ ಸಂಜೀವ, ಹುಳಿಗೆ ತಟ್ಟೆ ಮುಂದೆ ಮಾಡುತ್ತ.

ಹರಿಪ್ರಿಯಾ ಎಡಗೈ ಅಡ್ಡ ಹಿಡಿದು, ಬಲಗೈ ಮುಷ್ಟಿಯನ್ನು ಕೆಳಗಿನಿಂದ ಅದರತ್ತ ತಂದಳು. "ಇದು ಪಿಸ್ಟನ್. ಇದು ಮೇಲೆ ಬರೋ ಹೊತ್ತಿಗೆ ವಾಲ್ವ್ ಮುಚ್ಚಿಕೊಳ್ತಾ ಇರಬೇಕು. ಎರಡರ ನಡುವೆ ಒಂದು ಮಿಲಿಮೀಟರ್ ಚಿಲ್ಲರೆ ಸಂದು. ಶಕ್ತಿ ಬೇಕು ಅಂತ ಅಷ್ಟು ಕಮ್ಮಿ ಇಟ್ಟವಳು ನಾನೇ. ಪದ್ಮನಾಭ ಸಾರ್ ಬೇಡ ಅಂದಿದ್ರು."

"ನಡುವೆ ಏನಾದ್ರೂ ಸಿಕ್ಕಿಕೊಂಡಿತ್ತೋ ಏನೋ. ಕಸ, ಕಲ್ಲು…" ಎಂದ ಸಂಜೀವ.

ಅವಳು ತಟ್ಟೆ ನೋಡುತ್ತ ಹೇಳಿದಳು, "ಇಲ್ಲ. ನನ್ನ ಲೆಕ್ಕವೇ ತಪ್ಪಿರಬೇಕು."

ಹುಳಿ ಬಡಿಸುತ್ತಿದ್ದ ತುಂಗಾ ಸೌಟನ್ನು ಪಾತ್ರೆಯಲ್ಲೇ ಬಿಟ್ಟರು. ಅಕ್ಕಿಕಾಳು ಎಷ್ಟು ದಪ್ಪವೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ದಿನವೂ ಮೊರದಲ್ಲಿ ಹಾಕಿಕೊಂಡು ಕಲ್ಲು ಆರಿಸುವ ಕೈ ಅದು. ಈಗಲೇ ಹೇಳಿಬಿಡಬೇಕು ಎಂದುಕೊಂಡರು. ಆದರೆ ತಾನು ನೆಂಟರೆದುರು ಅಂಕಿ ಒಪ್ಪಿಸುತ್ತಿದ್ದ, ಓದಿದ ಹೆಂಗಸು. ಗಾಳಿ ಹೋಗುವ ದಾರಿಗೆ ಅಕ್ಕಿ ಹಾಕಿದೆ ಎಂದು ಯಾವ ಬಾಯಿಂದ ಹೇಳುವುದು? "ಮಜ್ಜಿಗೆ ಹಾಕ್ಲಾ?" ಎಂದರು.

ಎರಡು ದಿನ ಹೀಗೆಯೇ ಕಳೆಯಿತು. ಹೇಳಬೇಕೆಂದು ಅಡುಗೆಮನೆಯಿಂದ ಹೊರಗೆ ಬರುವರು, ಕಾಫಿ ಕೊಟ್ಟು ಹಿಂದಿರುಗುವರು. ಸೊಸೆ ಎಂದಿನಂತೆ ಅವರ ಮೊಣಕಾಲಿಗೆ ಎಣ್ಣೆ ಬಿಸಿ ಮಾಡಿ ತಂದುಕೊಟ್ಟಳು. ಆ ಬಟ್ಟಲನ್ನು ಈಸಿಕೊಳ್ಳುವಾಗ ತುಂಗಾ ತಲೆ ಎತ್ತಲಿಲ್ಲ.

ಮೂರನೆಯ ರಾತ್ರಿ ಊಟಕ್ಕೆ ಕೂತಾಗ ಹರಿಪ್ರಿಯಾ ಗಂಡನಿಗೆ ಹೇಳಿದಳು, "ನಾಳೆ ನಿಶಾಂತ್ ಬರ್ತಾನೆ. ಸಂದು ಜಾಸ್ತಿ ಮಾಡಿ, ವೇಗ ಆರೂವರೆ ಸಾವಿರ ಸುತ್ತಿಗೆ ನಿಲ್ಲಿಸ್ತಾರಂತೆ. ಬೇರೆಯವರು ನೋಡ್ಕೊಳ್ತಾರೆ. ನನ್ನನ್ನ ಪಂಪ್‌ಸೆಟ್ ಕಡೆಗೆ ಹಾಕ್ತಾರೆ."

"ಪರವಾಯಿಲ್ಲ ಬಿಡು, ಪಂಪೂ ತಿರುಗತ್ತಲ್ಲ," ಎಂದು ಸಂಜೀವ ನಗಿಸಲು ನೋಡಿದ.

ಬೆಳಿಗ್ಗೆ ತುಂಗಾ ಸೀರೆ ಬದಲಿಸಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. "ನಾನೂ ಬರ್ತೀನಿ." ಯಾಕೆಂದು ಹರಿಪ್ರಿಯಾ ಕೇಳಲಿಲ್ಲ.

ಶೆಡ್ಡಿನಲ್ಲಿ ಬಿಚ್ಚಿದ ಎಂಜಿನ್ನಿನ ಸುತ್ತ ಪದ್ಮನಾಭ, ನಿಶಾಂತ್ ನಿಂತಿದ್ದರು. ತುಂಗಾ ಒಂದೇ ಉಸಿರಿಗೆ ಹೇಳಿದರು. ಮುಚ್ಚಳ ತೆಗೆದದ್ದು, ಅಕ್ಷತೆ ಹಾಕಿದ್ದು. ಕೊನೆಗೆ, "ಇವತ್ತು ಬೆಳಿಗ್ಗೆ ಹೊಳೀತು ನನಗೆ," ಎಂದು ಸೇರಿಸಿದರು.

ಪದ್ಮನಾಭ ಟಾರ್ಚ್ ಹಿಡಿದು ತೆಗೆದಿಟ್ಟಿದ್ದ ಕಹಳೆಗಳೊಳಗೆ ಇಣುಕಿದರು. "ಅಯ್ಯೋ ರಾಮ! ಮೂರನೇದ್ರಲ್ಲಿ ಇನ್ನೂ ಇದೆಯಲ್ರೀ, ತುಪ್ಪಕ್ಕೆ ಅಂಟಿಕೊಂಡು! ಹರಿಪ್ರಿಯಾ, ಇದನ್ನ ಬಿಚ್ಚಿದವರು ನೀವೇ ತಾನೇ? ಕಾಣಲಿಲ್ವಾ?"

"ಕಾಣ್ತು ಸಾರ್."

"ಮತ್ತೆ ಹೇಳೋದಲ್ವೇನ್ರೀ! ನಾನು ನಿಮ್ಮ ಲೆಕ್ಕಕ್ಕೆ ಬೈದದ್ದು ಬೈದದ್ದೇ."

"ಕೈಲಿ ಎಳೆದ್ರೆ ಬರೋ ಹಾಗೆ ಮುಚ್ಚಳ ಇಟ್ಟವಳು ನಾನು ಸಾರ್. ತಪ್ಪು ನನ್ನದೂ ಇತ್ತು."

ನಿಶಾಂತ್ ಬಗ್ಗಿದ ವಾಲ್ವನ್ನು ಬೆರಳಲ್ಲಿ ತಿರುಗಿಸಿ ನೋಡಿದ. "ಹಾಗಾದ್ರೆ ಎಂಜಿನ್ ತಪ್ಪಲ್ಲ. ಕಾರಲ್ಲಿ ಫಿಲ್ಟರ್ ಇರುತ್ತೆ, ಅಲ್ಲಿ ಯಾರು ಅಕ್ಕಿ ಹಾಕ್ತಾರೆ? ಸಾರ್, ಅದೇ ಸಂದು ಇರಲಿ. ಮೇಡಮ್ಮೇ ಮತ್ತೆ ಕಟ್ಟಲಿ. ನೂರು ಗಂಟೆ ಓಡಿಸಿ ತೋರಿಸ್ಲಿ." ಹಾಗೆ ಹೇಳುತ್ತಲೇ ಒಂದು ಸ್ಟೂಲ್ ತಂದು, ಕರವಸ್ತ್ರದಿಂದ ಅದರ ಗ್ರೀಸು ಒರೆಸಿ, "ಕೂತ್ಕೊಳಿ ಪಾಟಿ" ಎಂದ, ತಮಿಳಿನಲ್ಲಿ ಅಜ್ಜಿಯನ್ನು ಕರೆಯುವಂತೆ. ಬೈದಿದ್ದರೆ ನಿಂತೇ ಕೇಳಿಸಿಕೊಳ್ಳುತ್ತಿದ್ದರು. ಆ ಒರೆಸಿದ ಸ್ಟೂಲಿನ ಮೇಲೆ ಕೂರುವುದು ತುಂಗಾ ಅವರಿಗೆ ಕಷ್ಟವಾಯಿತು.

ಊಟದ ಹೊತ್ತಿಗೆ ಅವರನ್ನು ರೈಲು ಹತ್ತಿಸಲು ಹರಿಪ್ರಿಯಾ ಗಿಂಡಿ ಸ್ಟೇಷನ್ನಿನವರೆಗೆ ಬಂದಳು. ಪ್ಲಾಟ್‌ಫಾರ್ಮಿನಲ್ಲಿ ಬಿಸಿಲು. ಅವಳು ಕಂಬದ ನೆರಳನ್ನು ಅತ್ತೆಗೆ ಬಿಟ್ಟು ತಾನು ಈಚೆ ನಿಂತಳು.

"ಮೊದಲ್ನೇ ದಿನಾನೇ ನೋಡಿದ್ಯಾ?"

"ಹೂಂ ಅತ್ತೆ."

"ಮತ್ತೆ ನೀನ್ಯಾಕೆ…"

"ನೀವೇ ಹೇಳ್ತೀರೇನೋ ಅಂತಿದ್ದೆ."

ತುಂಗಾ ಸೆರಗು ಬಿಗಿಹಿಡಿದರು. ಶೆಡ್ಡಿನಲ್ಲಿ ನಾಲ್ಕು ಜನರೆದುರು ಹೇಳಿ ಹಗುರಾದೆನೆಂದುಕೊಂಡಿದ್ದು ಸುಳ್ಳು. ಹೇಳಬೇಕಾದ್ದು ಹೇಳಿರಲಿಲ್ಲ.

"ಇವತ್ತು ಬೆಳಿಗ್ಗೆ ಹೊಳೀತು ಅಂದೆನಲ್ಲ, ಅದು ಸುಳ್ಳು ಕಣಮ್ಮ. ಅವತ್ತು ಹುಳಿ ಬಡಿಸೋವಾಗ್ಲೇ ಗೊತ್ತಾಗಿತ್ತು. ಅಕ್ಷತೆ ತಿಳೀದೆ ಹಾಕ್ದೆ. ಸುಮ್ಮನಿದ್ದದ್ದು ಮಾತ್ರ ತಿಳಿದೇ. ನಿನ್ನ ಕೆಲಸ ಹೋದ್ರೂ ಹೋಗ್ಲಿ, ನನ್ನ ಮಾನ ಉಳೀಲಿ ಅಂತ."

ಹರಿಪ್ರಿಯಾ ಹಳಿಗಳ ಕಡೆ ನೋಡಿದಳು. ಇಲ್ಲ ಅತ್ತೆ, ಹಾಗೇನಿಲ್ಲ ಎನ್ನಲಿಲ್ಲ.

"ನನಗೆ ಬೇಜಾರಾಗಿತ್ತು," ಎಂದಳು.

"ಆಗ್ಬೇಕಾದ್ದೇ."

ಗಾಡಿ ಬಂತು. ಹೆಂಗಸರ ಡಬ್ಬಿ ತುಂಬಿತ್ತು. ಹರಿಪ್ರಿಯಾ ಅತ್ತೆಯ ತೋಳು ಹಿಡಿದು ಮೆಟ್ಟಿಲು ಹತ್ತಿಸಿ, ಒಳಗಿದ್ದ ಹೆಂಗಸೊಬ್ಬಳನ್ನು ತಮಿಳಿನಲ್ಲಿ ಕೇಳಿ ಜಾಗ ಕೊಡಿಸಿದಳು. ತುಂಗಾ ಕೂತು, ಕಿಟಕಿಯಿಂದ ಅವಳನ್ನು ನೋಡಿದರು. ಈ ಸಲ ತಲೆ ತಗ್ಗಿಸಲಿಲ್ಲ, ಕಣ್ಣು ಮಾತ್ರ ತುಂಬಿ ಬಂದಿತ್ತು. ಗಾಡಿ ಹೊರಟಾಗ ಹರಿಪ್ರಿಯಾ ಕೈ ಬೀಸಲಿಲ್ಲ. ಆದರೆ ಗಾಡಿ ಮರೆಯಾಗುವವರೆಗೂ ಬಿಸಿಲಲ್ಲಿ ಅಲ್ಲೇ ನಿಂತಿದ್ದಳು.