ನೇರ ಗೀಟು

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಕ್ಕ ನನ್ನನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ, ಸಿಡುಕಿ ಅನ್ನುತ್ತಾಳೆ. ನಾನು ಒಸಡಿನ ಡಾಕ್ಟರು. ಹಲ್ಲು ಕೀಳುವವಳಲ್ಲ, ಒಸಡನ್ನು ಬಿಡಿಸಿ, ಒಳಗಿನ ಕೊಳೆ ಕೆರೆದು, ಮತ್ತೆ ಹೊಲಿಯುವವಳು. ಈ ವ್ಯತ್ಯಾಸವನ್ನು ನೆಂಟರಿಗೆಲ್ಲ ವಿವರಿಸಿ ವಿವರಿಸಿ ಸಾಕಾಗಿ, ಈಗ ಯಾರಾದರೂ ಕೇಳಿದರೆ "ಹೌದು, ಹಲ್ಲು ಕೀಳ್ತೀನಿ, ಬಾಯಿ ತೆಗೀರಿ" ಅಂದುಬಿಡುತ್ತೇನೆ.

ಅಕ್ಕನ ಕೆಲಸ ಓದುವುದು. ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ರೆಕಾರ್ಡ್ ಮಾಡುವ ಸಂಸ್ಥೆಯಲ್ಲಿ ಹನ್ನೊಂದು ವರ್ಷ ಅವಳದೇ ದನಿ. ಗೋಡೆಗೆಲ್ಲ ಸ್ಪಂಜು ಅಂಟಿಸಿದ ಪುಟ್ಟ ಕೋಣೆ, ಮುಂದೊಂದು ಮೈಕು. ಹಾಳೆ ತಿರುಗಿಸುವ ಸದ್ದು ಬರಬಾರದೆಂದು ಪುಸ್ತಕದ ಹೊಲಿಗೆ ಬಿಚ್ಚಿ, ಬಿಡಿ ಹಾಳೆ ಮಾಡಿಕೊಂಡು ಓದುತ್ತಿದ್ದಳು. ಅಂಥ ಅಚ್ಚುಕಟ್ಟಿನವಳು, ಒಸಡಿನಲ್ಲಿ ರಕ್ತ ಬರುವುದನ್ನು ಮಾತ್ರ ಎರಡು ವರ್ಷ ಯಾರಿಗೂ ಹೇಳಲಿಲ್ಲ. ಮೇಲಿನ ಸಾಲಿನ ಮುಂದಿನ ಹಲ್ಲು ಅಲ್ಲಾಡತೊಡಗಿದ ಮೇಲೆ ನನ್ನ ಹತ್ತಿರ ಬಂದಳು. ಬಾಯಿಗೆ ಬಂದಂತೆ ಬೈದೆ.

"ಬೈದು ಮುಗೀತಾ? ಈಗ ಕೊಯ್ಯಿ" ಅಂದಳು.

ಕೊಯ್ಯುವ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಎರಡು ಹಲ್ಲುಗಳ ನಡುವೆ ಒಸಡು ಪುಟ್ಟ ಮೊನೆಯಾಗಿ ತುಂಬಿಕೊಂಡಿರುತ್ತದೆ. ಹಲ್ಲಿನ ಬುಡದ ಸುತ್ತ ಚಾಕುವಿನಿಂದ ಗೀಟೆಳೆಯುತ್ತ ಬಂದರೆ ಆ ಮೊನೆ ಅಡ್ಡ ಸಿಗುತ್ತದೆ. ಅದನ್ನು ನಟ್ಟನಡುವೆ ಸೀಳಿ, ಅರ್ಧ ತುಟಿಯ ಕಡೆಗೆ, ಅರ್ಧ ಅಂಗುಳದ ಕಡೆಗೆ ಸರಿಸಿದರೆ ಕೆಲಸ ಬೇಗ ಆಗುತ್ತದೆ. ದವಡೆ ಹಲ್ಲಾದರೆ ನಾನೂ ಹಾಗೇ ಮಾಡುವುದು. ಆದರೆ ಸೀಳಿದ ಮೊನೆ ಎಷ್ಟೋ ಸಲ ಕುಗ್ಗಿಹೋಗುತ್ತದೆ. ಅದಕ್ಕೇ ಮುಂದಿನ ಹಲ್ಲಿಗೆ, ಜಾಗವಿದ್ದರೆ, ಬೇರೆ ದಾರಿ ಇದೆ: ಅಂಗುಳದ ಕಡೆ ಅರ್ಧಚಂದ್ರದ ಹಾಗೆ ಕೊಯ್ದು, ಮೊನೆಯನ್ನು ಇಡಿಯಾಗಿ ಬಿಡಿಸಿ, ಹಲ್ಲಿನ ಸಂದಿಯಿಂದ ಮೆಲ್ಲಗೆ ಮುಂದಕ್ಕೆ ದಾಟಿಸುವುದು. ಇದಕ್ಕೆ ಇಪ್ಪತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಅಕ್ಕನ ಹಲ್ಲುಗಳ ನಡುವೆ ಜಾಗ ಬೇಕಾದಷ್ಟಿತ್ತು.

ಆ ದಿನ ಎರಡು ಗಂಟೆಗೆ ಎದುರು ರಸ್ತೆಯ ಕಾಲೇಜಿನಲ್ಲಿ ನನ್ನ ಪಾಠ. ಹೊರಗಿನವರಿಗೆಲ್ಲ ಬೆಳಗಿನ ಹೊತ್ತು ಕೊಟ್ಟು, ಮನೆಯವಳೇ ತಾನೇ ಅಂತ ಅಕ್ಕನನ್ನು ನಡುವೆ ತುರುಕಿದ್ದೆ. ಅವಳು ಕುರ್ಚಿಯಲ್ಲಿ ಒರಗಿ ಬಾಯಿ ತೆರೆಯುವಾಗ ಒಂದು ದಾಟಿತ್ತು. ಮರಗಟ್ಟುವ ಇಂಜೆಕ್ಷನ್ ಕೊಟ್ಟೆ.

"ಅಂಗುಳದ ಕಡೆಯಿಂದ ತಾನೇ, ಡಾಕ್ಟ್ರೇ?" ನರ್ಸಮ್ಮ ಪುಟ್ಟ ಕನ್ನಡಿ ಹಿಡಿದುಕೊಂಡು ಕೇಳಿದರು.

ಗೋಡೆಯ ಗಡಿಯಾರ ನೋಡಿದೆ. "ಬೇಡ, ನೇರ ಹೋಗ್ತೀನಿ" ಅಂದು ಗೀಟೆಳೆದೆ. ಮೊನೆ ಎರಡಾಯಿತು.

ಎರಡೂ ಐದಕ್ಕೆ ನಾನು ನಲವತ್ತು ವಿದ್ಯಾರ್ಥಿಗಳ ಮುಂದೆ ನಿಂತಿದ್ದೆ. ಪಾಠ ಯಾವುದು ಗೊತ್ತೇ? ಒಸಡು ಕೊಯ್ಯುವ ಬಗೆಗಳು! ಪರದೆಯ ಮೇಲೆ ಆ ಅರ್ಧಚಂದ್ರದ ಚಿತ್ರ ತೋರಿಸಿ, "ಮುಂದಿನ ಹಲ್ಲಲ್ಲಿ ಜಾಗ ಇದ್ದೂ ನೇರ ಗೀಟು ಎಳೆಯೋರು ಶುದ್ಧ ಸೋಮಾರಿಗಳು" ಅಂದೆ. ಎಲ್ಲರೂ ನಕ್ಕರು, ಬರೆದುಕೊಂಡರು ಕೂಡ. ನನ್ನ ಬಾಯಿಗೆ ಬೆಂಕಿ ಹಾಕ.

ಅಕ್ಕನ ಹಲ್ಲೇನೋ ಗಟ್ಟಿಯಾಯಿತು. ಆದರೆ ಮೂರು ತಿಂಗಳಲ್ಲಿ ಮೊನೆ ಕುಗ್ಗಿ, ಎರಡು ಹಲ್ಲಿನ ನಡುವೆ ಎಳ್ಳಿನಷ್ಟು ಕಪ್ಪು ಸಂದು ಬಿತ್ತು. ನೋಡುವುದಕ್ಕೆ ಅಂಥದ್ದೇನಿಲ್ಲ. ಆದರೆ 'ಸ' ಅಂದಾಗಲೆಲ್ಲ ಅಲ್ಲಿಂದ ಗಾಳಿ ಸುಯ್ಯೆನ್ನುತ್ತಿತ್ತು. ಎದುರು ಕೂತವರಿಗೆ ಗೊತ್ತಾಗುತ್ತಿರಲಿಲ್ಲ, ಮೈಕಿಗೆ ಗೊತ್ತಾಗುತ್ತಿತ್ತು. ಸಂದಿಗೆ ಬಿಳಿ ಸಿಮೆಂಟು ತುಂಬಿ ನೋಡಿದೆ. 'ಸ' ಹೋಗಿ 'ಶ' ಆಯಿತು, ಕಿತ್ತುಹಾಕಿದೆ. ರೆಕಾರ್ಡಿಂಗಿನವರು, ಪಾಪ, ಮೂರು ಮೈಕು ಬದಲಿಸಿದರಂತೆ. ಕೊನೆಗೆ ಅವಳನ್ನು ಪಕ್ಕದ ಕೋಣೆಗೆ ಹಾಕಿದರು. ಈಗ ಹೆಡ್‌ಫೋನ್ ಸಿಕ್ಕಿಸಿಕೊಂಡು ಬೇರೆಯವರ ಓದನ್ನು ಕೇಳಿ ತಪ್ಪು ಗುರುತು ಹಾಕುತ್ತಾಳೆ.

"ಕಾಯಿಲೆ ಅಷ್ಟು ಮುಂದೆ ಹೋಗಿತ್ತು ಕಣಕ್ಕಾ, ಎಲ್ಲರಿಗೂ ಹೀಗೇ ಆಗೋದು" ಅಂದಿದ್ದೆ. ಅವಳು ನಂಬಿದಳು. ನಂಬಿದ್ದಷ್ಟೇ ಅಲ್ಲ, ಕಂಡಕಂಡವರಿಗೆಲ್ಲ "ಎರಡು ವರ್ಷ ಸುಮ್ನಿದ್ದಿದ್ದು ನಂದೇ ತಪ್ಪು. ನನ್ನ ತಂಗಿ ಹಲ್ಲನ್ನಾದರೂ ಉಳಿಸಿಕೊಟ್ಳು" ಅಂತ ಹೇಳಿಕೊಂಡು ಬಂದಳು. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ. ಒಂದು ಸಲವೂ ಬಾಯಿ ಬಿಡಲಿಲ್ಲ.

ಕೆಳಗಿನ ಸಾಲಿನ ಒಸಡಿಗೂ ಚಿಕಿತ್ಸೆ ಬೇಕಿತ್ತು; ಹೋದ ವಾರ ಅದಕ್ಕೆ ದಿನ ಗೊತ್ತುಮಾಡಲು ಬಂದಳು. ಹೊರಗೆ ಕಾಯುವಾಗ ಪಕ್ಕದಲ್ಲಿ ಕೂತಿದ್ದವರು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಮೇಡಂ, ನನ್ನ ರೋಗಿಯೇ. ಮಾತಿಗೆ ಮಾತು ಬೆಳೆದು, ಇಬ್ಬರೂ ತುಟಿ ಎತ್ತಿ ಒಬ್ಬರಿಗೊಬ್ಬರು ಒಸಡು ತೋರಿಸಿಕೊಂಡಿದ್ದಾರೆ! ಒಳಗೆ ಬಂದು ಕೂತವಳೇ ಕೇಳಿದಳು:

"ಅವರಿಗೂ ಅದೇ ಕಾಯಿಲೆಯಂತೆ, ಅದೇ ಹಲ್ಲು, ನನಗಿಂತ ಜಾಸ್ತಿನೇ ಅಲ್ಲಾಡ್ತಿತ್ತಂತೆ. ಅವರಿಗೆ ಸಂದು ಬಿದ್ದಿಲ್ಲವಲ್ಲೇ?"

ಒಬ್ಬೊಬ್ಬರ ಒಸಡು ಒಂದೊಂದು ಥರ ಅನ್ನುವ ಸುಳ್ಳು ನಾಲಿಗೆ ತುದಿಗೇ ಬಂದಿತ್ತು. ಅವಳ ಮುಖ ನೋಡಿಕೊಂಡು ಹೇಳಲಾಗಲಿಲ್ಲ.

"ಅವರಿಗೆ ಅಂಗುಳದ ಕಡೆಯಿಂದ ಕೊಯ್ದೆ. ನಿನಗೆ ನೇರ ಸೀಳಿದೆ."

"ಯಾಕೆ?"

"ಪಾಠಕ್ಕೆ ಹೊತ್ತಾಗಿತ್ತು."

"ಎಷ್ಟು ಹೊತ್ತು ಉಳೀತು?"

"ಇಪ್ಪತ್ತು ನಿಮಿಷ."

ಕೂಗಾಡಲಿ ಅಂತ ಕಾದೆ. ನಾನಾಗಿದ್ದರೆ ಛಾವಣಿ ಹಾರಿಹೋಗುವ ಹಾಗೆ ಕೂಗುತ್ತಿದ್ದೆ. ಅವಳು ತನ್ನ ಕೈಚೀಲದ ಜಿಪ್ಪನ್ನು ತೆಗೆದಳು, ಹಾಕಿದಳು.

"ಸಂಜೆ ಬಾ ಅಂದಿದ್ರೆ ಬರ್ತಿದ್ದೆನಲ್ಲೇ" ಅಂದಳು. 'ಸಂಜೆ'ಯ 'ಸ' ಸುಯ್ಯೆಂದಿತು, ಈ ಸಲ ಮೈಕಿಲ್ಲದೆಯೂ ನನಗೆ ಕೇಳಿಸಿತು. "ಕೆಳಗಿನ ಹಲ್ಲಿಗೆ ಬೇರೆಯವರ ಹತ್ರ ಹೋಗ್ತೀನಿ. ಅವರಿಗೊಂದು ಚೀಟಿ ಬರ್ಕೊಡು."

ಬೇಡ ಅನ್ನಲು ನನಗೆ ಯಾವ ಮುಖವಿತ್ತು? ಹಾಳೆ ತೆಗೆದುಕೊಂಡು, ಹಿಂದೆ ಆದ ಚಿಕಿತ್ಸೆ ಅನ್ನುವ ಕಡೆ ಬರೆದೆ: 'ನಡುವಿನ ಮೊನೆಯನ್ನು ನೇರವಾಗಿ ಸೀಳಲಾಗಿದೆ. ಜಾಗವಿತ್ತು, ಸೀಳುವ ಅಗತ್ಯವಿರಲಿಲ್ಲ.'

ಅಕ್ಕ ಬಗ್ಗಿ ಓದಿದಳು. 'ಸೀಳಲಾಗಿದೆ' ಅನ್ನುವ ಪದದ ಮೇಲೆ ಬೆರಳಿಟ್ಟಳು.

"ತಾನಾಗೇ ಸೀಳ್ಕೊಳ್ತಾ? ಯಾರು ಸೀಳಿದ್ದು ಅಂತ ಬರಿ."

ಅದನ್ನು ಹೊಡೆದುಹಾಕಿ, 'ನಾನು ಸೀಳಿದೆ' ಎಂದು ಬರೆದು, ಸಹಿ ಹಾಕಿ ಕೊಟ್ಟೆ.