ಮೈಗೆ ಕೂತ ಅಂಗಿ

ತಮ್ಮನ ಬಲಗೈಯನ್ನು ಕಬ್ಬಿಣದ ಸರಳಿನಿಂದ ಜಜ್ಜಿದವನಿಗೆ ಏಳು ವರ್ಷ ಸಜೆಯಾದಾಗ ದರ್ಜಿ ಅಕ್ಕನಿಗೆ ಅದು ಯಾವ ಮೂಲೆಗೂ ಸಾಲಲಿಲ್ಲ. ಕಣ್ಣು ಮುಚ್ಚಿಕೊಂಡೇ ಬಟ್ಟೆ ಕತ್ತರಿಸುತ್ತಿದ್ದ ತಮ್ಮ ಈಗ ಎಡಗೈಯಲ್ಲಿ ಒಂದು ಗುಂಡಿ ಹೊಲಿಯಲು ಒದ್ದಾಡುತ್ತಿದ್ದ. ಅಂಥದ್ದರಲ್ಲಿ ಆ ಭೂಪ ಶಿಕ್ಷೆ ಅತಿಯಾಯಿತೆಂದು ಮೇಲ್ಮನವಿ ಹಾಕಿದ್ದಾನಂತೆ! ಕೇಳಿ ಅವಳ ಮೈಯೆಲ್ಲ ಉರಿದುಹೋಯಿತು.

ವಿಚಾರಣೆಗೆ ಮುಂಚೆ ಅವನ ತಾಯಿಯೇ ಅಂಗಡಿಗೆ ಬಂದಳು, ಕಂಕುಳಲ್ಲಿ ಮಗನ ಬಿಳಿ ಅಂಗಿ. ಅವನ ಶಾಲೆಯ ಚಡ್ಡಿಯಿಂದ ಹಿಡಿದು ಎಲ್ಲವನ್ನೂ ಹೊಲಿದವಳು ದರ್ಜಿ ಅಕ್ಕನೇ. ಮುದುಕಿಗೆ ಬೇರೆ ದರ್ಜಿ ಗೊತ್ತಿಲ್ಲ.

"ಯಾವ ಮುಖ ಇಟ್ಕೊಂಡು ಬಂದೆ ಅಂತ ಬೈದುಬಿಡಮ್ಮ. ಅವನು ಕಡ್ಡಿ ಆಗಿದಾನೆ. ಲಾಯರು, ಹಳೇ ಅಂಗೀನೇ ಹಾಕ್ಲಿ, ಜೈಲು ಅವನನ್ನ ಹೇಗೆ ತಿಂದಿದೆ ಅಂತ ಜಡ್ಜು ಕಣ್ಣಾರೆ ನೋಡಿ ಶಿಕ್ಷೆ ಇಳಿಸ್ಲಿ ಅಂತಾರೆ. ಆದ್ರೆ ಹತ್ತು ಜನರ ಮುಂದೆ ನನ್ನ ಮಗ ಬೆದರುಬೊಂಬೆ ಥರ ನಿಲ್ಲಬೇಕಾ? ಎರಡೂ ಪಕ್ಕ ಒಂಚೂರು ಹಿಡಿದುಕೊಡು."

ತಮ್ಮ ಸೂಜಿ ಕೆಳಗಿಟ್ಟ. "ಅಕ್ಕಾ, ವಾಪಸ್ ಕಳಿಸು."

"ಸುಮ್ನಿರೋ. ಗಿರಾಕಿ ಅಂದ್ಮೇಲೆ ಗಿರಾಕಿ." ಅಕ್ಕ ಮುದುಕಿಯ ಕಡೆ ತಿರುಗಿ ಮೆತ್ತಗೆ ಕೇಳಿದಳು: "ಕತ್ತು ಎಷ್ಟು ಸಣ್ಣಗಾಗಿದೆ, ಅಮ್ಮ? ಮೂಳೆ ಕಾಣುತ್ತಾ?"

ಅಷ್ಟು ಮುತುವರ್ಜಿಯಿಂದ ಅವಳು ಯಾವ ಮದುಮಗನಿಗೂ ಹೊಲಿದಿರಲಿಲ್ಲ. ಪಕ್ಕ ಹಿಡಿದಳು, ಭುಜಕ್ಕೆ ತೆಳ್ಳಗೆ ಹತ್ತಿ ತುಂಬಿದಳು, ಎದೆಗೆ ದಪ್ಪ ಒಳಬಟ್ಟೆ ಕೊಟ್ಟಳು, ಬಡಕಲು ಕತ್ತು ಮುಚ್ಚುವಂತೆ ಕಾಲರ್ ಎತ್ತರಿಸಿದಳು.

"ಏನಕ್ಕಾ, ಅವನಿಗೇನು ಮದುವೆನಾ?"

"ಹೂಂ ಕಣೋ. ಮಾವನ ಮನೇಲೇ ಇನ್ನಷ್ಟು ದಿನ ಇರ್ಲಿ ಅಂತ."

ಕೋರ್ಟಿನಲ್ಲಿ ಅಕ್ಕತಮ್ಮ ಹಿಂದಿನ ಬೆಂಚಿನಲ್ಲಿ ಕೂತರು. "ನನ್ನ ಕಕ್ಷಿದಾರ ಸವೆದುಹೋಗಿದ್ದಾನೆ, ಸ್ವಾಮಿ," ಎಂದು ಲಾಯರು ಕೈ ಚಾಚಿ ತಿರುಗಿದವನು ಹಾಗೇ ನಿಂತುಬಿಟ್ಟ. ಕಟಕಟೆಯಲ್ಲಿ ತುಂಬುಭುಜದ ಆಸಾಮಿಯೊಬ್ಬ ಮಿಂಚುತ್ತಿದ್ದ.

ಜಡ್ಜು ಕನ್ನಡಕದ ಮೇಲಿಂದ ನೋಡಿದರು. "ಸವೆದಿರೋದು ಎಲ್ಲಿ, ಸ್ವಲ್ಪ ತೋರಿಸ್ತೀರಾ?"

ಯಾರೋ ಕಿಸಕ್ಕೆಂದರು. ಜಡ್ಜರ ಕಣ್ಣು ಬೆಂಚಿನ ಮೇಲಿದ್ದ ತಮ್ಮನ ಸೊಟ್ಟಗೈಯ ಮೇಲೂ ಒಂದು ಗಳಿಗೆ ನಿಂತಿತು. ಮೇಲ್ಮನವಿ ವಜಾ.

ಪೊಲೀಸರು ಎಳೆದುಕೊಂಡು ಹೋಗುವಾಗ ಅವನು ಭುಜ ಮುಟ್ಟಿ ನೋಡಿಕೊಂಡ. ಹತ್ತಿ ಸಿಕ್ಕಿತು. ತಲೆಯೆತ್ತಿದರೆ ದರ್ಜಿ ಅಕ್ಕ! ಅವಳು ರೆಪ್ಪೆ ಕೂಡ ಬಡಿಯಲಿಲ್ಲ.

ಹೊರಗೆ ಮುದುಕಿ ಅಳುತ್ತಾ ಅವಳ ಕೈ ಹಿಡಿದಳು. "ಅವರ್ಯಾರಿಗೂ ಕರುಣೆ ಬರ್ಲಿಲ್ಲಮ್ಮ. ನೀನಾದ್ರೂ... ಅಂಗಿ ಎಷ್ಟು ಚೆನ್ನಾಗಿ ಕೂತಿತ್ತು!"

ಅಕ್ಕ ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಮತ್ತೆ ಸಡಿಲ ಆದ್ರೆ ತಗೊಂಡು ಬನ್ನಿ, ಅಮ್ಮ."